ಒಂದು ರಿಂಗು ಬಂದರೆ ಮುಟ್ಟಬಾರದು

ನಮ್ಮ ಭಾವ ತಮ್ಮ ಮದುವೆಯ ದಿನ ಮಂಟಪದಲ್ಲಿ ಕುಳಿತು, ಮಂತ್ರಾಕ್ಷತೆ ಎಸೆದವರಲ್ಲಿ ಯಾರು ಬೇಕೆಂದೇ ಜೋರಾಗಿ ಎಸೆದರು ಎಂದು ಗುರುತು ಹಾಕಿಕೊಂಡಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ನನಗೇನೂ ಬೇಸರವಿಲ್ಲ. ಭಾವ ಕೂಡ ಯಾವುದನ್ನೂ ನಂಬುವುದಿಲ್ಲ. ಹಾಗೆ ಜೋರಾಗಿ ಎಸೆದವರಲ್ಲಿ ನಾನೂ ಇದ್ದೆ ಎನ್ನಿ. ಮದುಮಗಳ ತಂಗಿ ಎಂದ ಮೇಲೆ ಅಷ್ಟೂ ಹಕ್ಕಿಲ್ಲವೇ? ವರ್ಷಗಳು ಕಳೆದು ನಾನು ನರ್ಸ್ ಕೆಲಸ ಸಿಕ್ಕಿ ಅಕ್ಕ-ಭಾವ ಇದ್ದ ಬಹರೈನಿಗೆ ಬಂದಿಳಿದಾಗ, ಕರೆದುಕೊಂಡು ಹೋಗಲು ಬಂದಿದ್ದ ಭಾವ ಮೊದಲು ವಿಚಾರಿಸಿದ್ದು ಊರಿನ ಕ್ಷೇಮ ಸಮಾಚಾರವನ್ನಲ್ಲ.

"ಆ ದಿನ ನನ್ನ ಕಣ್ಣಿಗೆ ಬಿದ್ದ ಅಕ್ಕಿಕಾಳು ನಿನ್ನದೇ ಅಲ್ವಾ?"

ಆಮೇಲೆ ನನ್ನ ಪಾಸ್‌ಪೋರ್ಟ್ ತೆಗೆದುಕೊಂಡು, ಫೋಟೋವನ್ನೂ ನನ್ನ ಮುಖವನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದರು. ವಿಮಾನ ನಿಲ್ದಾಣದ ಒಳಗೆ ಸರಕಾರದವರು ಕೂಡ ಅಷ್ಟು ಹೊತ್ತು ನೋಡಿರಲಿಲ್ಲ. ಕೊನೆಗೆ "ಇರ್ಬಹುದು" ಎಂದು ಪೆಟ್ಟಿಗೆ ಎತ್ತಿಕೊಂಡರು.

ಭಾವನಿಗೆ ಹಿದ್ದ್ ಬಂದರಿನ ಕಡೆಯ ಒಂದು ಗೋದಾಮಿನಲ್ಲಿ ಕೆಲಸ. ಹಡಗಿನಿಂದ ಇಳಿದ ಪೆಟ್ಟಿಗೆಗಳನ್ನು ಬಿಚ್ಚಿ, ಬರಬೇಕಾದದ್ದು ಬಂದಿದೆಯೇ, ಬಂದದ್ದು ಸರಿಯಾಗಿದೆಯೇ ಎಂದು ನೋಡುವ ಕೆಲಸ. ಸಂಶಯಪಟ್ಟದ್ದಕ್ಕೆ ಸಂಬಳ ಕೊಡುವ ಉದ್ಯೋಗ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ! ಉಳಿದವರು ಕೆಲಸವನ್ನು ಕೆಲಸದ ಜಾಗದಲ್ಲೇ ಬಿಟ್ಟು ಬರುತ್ತಾರೆ. ಭಾವ ಮನೆಗೂ ಹೊತ್ತು ತರುತ್ತಿದ್ದರು. ಬಂಗುಡೆ ಕೊಳ್ಳುವಾಗ ಎಲ್ಲರೂ ಮೀನಿನ ಕಣ್ಣು ನೋಡುತ್ತಾರಲ್ಲ, ಭಾವ ಮೀನು ಮಾರುವವನ ಕಣ್ಣನ್ನೂ ನೋಡುತ್ತಿದ್ದರು. ನಾವಿದ್ದದ್ದು ಮನಾಮಾದ ಹಳೆಯ ಕಟ್ಟಡವೊಂದರ ಕೊನೆಯ ಮಹಡಿಯಲ್ಲಿ. ಲಿಫ್ಟಿನಿಂದ ಹೊರಗೆ ಬಂದರೆ ಭಾವ ನೇರವಾಗಿ ಮನೆಯ ಬಾಗಿಲಿಗೆ ಹೋಗುವವರಲ್ಲ. ಗೋಡೆಯ ಮೇಲಿನ ಸಂಖ್ಯೆ ಓದಿ, ಪಕ್ಕದ ಮನೆಯ ಮುಂದಿನ ಚಪ್ಪಲಿಗಳ ಗುರುತು ಹಿಡಿದು, ಆಮೇಲೆ ಕಿಸೆಯಿಂದ ಕೀಲಿಕೈ ತೆಗೆಯುವವರು.

"ಎಲ್ಲ ಮಹಡಿಯನ್ನೂ ಒಂದೇ ನಮೂನೆ ಕಟ್ಟಿದ್ದಾರೆ. ಯಾಕೆ ಹೇಳು ನೋಡುವಾ?" ಎಂದು ನನ್ನನ್ನು ಕೇಳಿದ್ದರು.

ಇಂಥವರ ಮನೆಯಲ್ಲಿ ಒಂದು ಟಿವಿ ಇತ್ತು ಎನ್ನುವುದೇ ಆಶ್ಚರ್ಯ. ಅದಕ್ಕೆ ಡಿಶ್ ಇರಲಿಲ್ಲ ಎನ್ನುವುದು ಆಶ್ಚರ್ಯವಲ್ಲ. ನಮ್ಮ ಕಟ್ಟಡದ ತಾರಸಿಯ ಮೇಲೆ ಹತ್ತಿ ನೋಡಿದರೆ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಡಿಶ್‌ಗಳೇ. ನೀರಿನ ಟಾಂಕಿಗಳ ನಡುವೆ, ಒಣಹಾಕಿದ ಬಟ್ಟೆಗಳ ನಡುವೆ, ಎಲ್ಲ ಆಕಾಶಕ್ಕೆ ಮುಖ ಮಾಡಿ ಕುಳಿತಿದ್ದವು. ಅವುಗಳ ಮಧ್ಯದಲ್ಲಿ ತಿಂದುಳಿದ ಮೀನಿನ ಮುಳ್ಳಿನ ಹಾಗೆ ಒಂದೇ ಒಂದು ಆಂಟೆನಾ. ಅದು ಭಾವನದು.

"ಡಿಶ್ ಹಾಕಿಸಿದ್ರೆ ಊರಿನ ಚಾನೆಲ್ಲೇ ಬರ್ತದಲ್ಲ ಭಾವ" ಎಂದೆ ಬಂದ ಹೊಸತರಲ್ಲಿ.

"ಬರ್ತದೆ. ಆದ್ರೆ ಹೋಗುವಾಗ ಅದು ಎಂತ ತೆಗೊಂಡು ಹೋಗ್ತದೆ ಅಂತ ನೋಡಿದ್ದೀಯಾ? ಆಂಟೆನಾ ಹಾಗಲ್ಲ. ಅದು ತೆಗೊಳ್ತದೆ, ಕೊಡುದಿಲ್ಲ."

"ಯಾರಿಗೆ ಎಂತ ಕೊಡ್ಲಿಕ್ಕುಂಟು?"

"ಮತ್ತೆ ಡಿಶ್ ಹಾಕ್ಲಿಕ್ಕೆ ಬಂದವ ಮನೆಯೊಳಗೆ ಬರ್ತಾನೆ. ಯಾವ ಮೂಲೆಯಲ್ಲಿ ಎಂತ ಉಂಟು ಅಂತ ನೋಡಿಟ್ಕೊಂಡು ಹೋಗ್ತಾನೆ."

"ನಮ್ಮ ಮನೆಯಲ್ಲಿ ಎಂತ ಉಂಟು ಭಾವ?"

"ಅದೇ ನಾನು ಹೇಳುದು. ಎಂತದೂ ಇಲ್ಲ ಅಂತ ಅವನಿಗೆ ಗೊತ್ತಾದ್ರೆ?"

ಇದರ ಮುಂದೆ ವಾದ ಮಾಡುವುದು ಹೇಗೆ? ನಾಲ್ಕು ದಿನ ಆಂಟೆನಾದಲ್ಲಿ ಬಂದದ್ದನ್ನು ನೋಡಿಕೊಂಡಿದ್ದರೆ ನನಗೇನೂ ನಷ್ಟವಿರಲಿಲ್ಲ. ಆದರೆ ಆ ವರ್ಷ ಸೆಕೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಮನೆಯಲ್ಲಿ ಟಿವಿಯ ವಿಷಯ ತಮಾಷೆಯಾಗಿ ಉಳಿಯಲಿಲ್ಲ.

ಅಕ್ಕ ಬಸುರಿಯಾಗಿದ್ದಳು. ಅದಕ್ಕೆ ಮೊದಲು ಒಂದು ಹೋಗಿತ್ತು. ಆ ವಿಷಯವನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಆದರೆ ಯಾರೂ ಮರೆತಿರಲಿಲ್ಲ. ಈ ಸಲ ಡಾಕ್ಟರು, ಹೆರಿಗೆಯ ತನಕ ಮಲಗಿಯೇ ಇರಬೇಕು, ಮೆಟ್ಟಿಲು ಹತ್ತುವುದು ಭಾರ ಎತ್ತುವುದು ಎಲ್ಲ ಬಂದ್ ಎಂದು ಹೇಳಿಬಿಟ್ಟರು. ಭಾವ ಬೆಳಿಗ್ಗೆ ಹಿದ್ದಿಗೆ ಹೊರಟರೆ ಬರುವುದು ಸಂಜೆಗೆ. ನನ್ನದು ಕ್ಲಿನಿಕ್ಕಿನ ಡ್ಯೂಟಿ. ಹಗಲಿಡೀ ಆ ಕೋಣೆಯಲ್ಲಿ ಅಕ್ಕ, ಗುರುಗುಟ್ಟುವ ಹಳೆಯ ಎ.ಸಿ., ಮತ್ತು ಆ ಟಿವಿ. ಇಷ್ಟೇ.

ಸಮುದ್ರದಾಚೆಯ ದೇಶದ ಒಂದು ಚಾನೆಲ್ ನಮ್ಮ ಆಂಟೆನಾಕ್ಕೆ ಸಿಗುತ್ತಿತ್ತು. ಅದರಲ್ಲಿ ಶುಕ್ರವಾರ ಮಧ್ಯಾಹ್ನ ಒಂದು ಹಿಂದಿ ಸಿನಿಮಾ, ದಿನವೂ ಸಂಜೆ ಒಂದು ಅರಬ್ಬಿ ಧಾರಾವಾಹಿ. ಅಕ್ಕನಿಗೆ ಅರಬ್ಬಿ ಬರುವುದಿಲ್ಲ. ಆದರೂ ಧಾರಾವಾಹಿಯ ಕತೆ ಅವಳಿಗೆ ಪೂರ್ತಿ ಗೊತ್ತಿತ್ತು, ಏಕೆಂದರೆ ಕತೆ ಕಟ್ಟುತ್ತಿದ್ದವಳು ಅವಳೇ. "ಈ ಬಿಳಿ ಗಡ್ಡದವ ಉಂಟಲ್ಲ, ಅವನಿಗೆ ಸೊಸೆಯ ಮೇಲೆ ಸಿಟ್ಟಿಲ್ಲ. ಬಾಯಿ ಮಾತ್ರ ಜೋರು" ಎಂದು ನನಗೆ ವಿವರಿಸುತ್ತಿದ್ದಳು. ಭಾವ ಹಿಂದಿನಿಂದ, "ಅವನನ್ನು ನಂಬ್ಬೇಡ, ಕೈಯಲ್ಲಿ ಎಂತದೋ ಹಿಡ್ಕೊಂಡಿದ್ದಾನೆ" ಎನ್ನುತ್ತಿದ್ದರು. ಅವನ ಕೈಯಲ್ಲಿದ್ದದ್ದು ಜಪಮಾಲೆ.

ಸರಿ, ಆ ಚಾನೆಲ್ ಒಂದು ದಿನ ಕೈಕೊಟ್ಟಿತು. ಮೊದಲು ಪರದೆಯ ಮೇಲೆ ಮರಳು ಸುರಿದ ಹಾಗಾಯಿತು. ಇನ್ನೊಂದು ದಿನ ಪ್ರತಿಯೊಬ್ಬನ ಪಕ್ಕದಲ್ಲೂ ಅವನದೇ ಮಸುಕು ನೆರಳು ಬಂದು ನಿಂತಿತು. ಎದುರಿಗೆ ಹೊಸದಾಗಿ ಏಳುತ್ತಿದ್ದ ಗಾಜಿನ ಕಟ್ಟಡಕ್ಕೆ ತಾಗಿ ಸಿಗ್ನಲ್ ಎರಡು ದಾರಿಯಿಂದ ಬರುತ್ತಿರಬಹುದು ಎಂದು ಟಿವಿ ರಿಪೇರಿಯವನು ಹೇಳಿದ. ಭಾವ ತಲೆಯಲ್ಲಾಡಿಸಿ ಅವನನ್ನು ಕಳಿಸಿ, ಬಾಗಿಲು ಹಾಕಿದ ಮೇಲೆ ನನಗೆ ಹೇಳಿದರು: "ಎದುರು ಕಟ್ಟಡದವರಿಗೂ ಇವನಿಗೂ ಎಂತ ಸಂಬಂಧ ಅಂತ ನೋಡ್ಬೇಕು."

ಅಲ್ಲಿಂದ ಭಾವನ ತನಿಖೆ ಶುರು. ಉಪ್ಪುಗಾಳಿಗೆ ವಯರಿನ ತುದಿ ಹಸಿರು ಹಿಡಿದಿತ್ತು, ಅದನ್ನು ಕತ್ತರಿಸಿ ಹೊಸತಾಗಿ ಜೋಡಿಸಿದರು. ಬೂಸ್ಟರ್ ಎಂಬ ಸಣ್ಣ ಡಬ್ಬಿಯೊಂದನ್ನು ತಂದು ಸಿಕ್ಕಿಸಿದರು. ಅದರ ಕೆಂಪು ದೀಪ ನಾವು ಮಾತಾಡುವಾಗ ಮಿನುಗುತ್ತದೆ ಎಂದು ಅನ್ನಿಸಿ, ಅದರ ಮೇಲೊಂದು ಲೋಟ ಮಗುಚಿ ಹಾಕಿದರು. ಕೊನೆಗೆ ಉಳಿದದ್ದು ಆಂಟೆನಾ ತಿರುಗಿಸುವುದು. ತಾರಸಿಯಲ್ಲಿ ಭಾವ, ಟಿವಿಯ ಮುಂದೆ ನಾನು. ಅವರು ಮೇಲಿನಿಂದ "ಬಂತಾ?" ಎನ್ನುವುದು, ನಾನು ಮೆಟ್ಟಿಲಿಗೆ ಓಡಿಬಂದು "ಬಂತು! ಹೋಯ್ತು! ಈಗ ಬಂತು!" ಎನ್ನುವುದು. ನಾನು ಬಂತು ಎನ್ನುವಷ್ಟರಲ್ಲಿ ಹೋಗಿರುತ್ತಿತ್ತು. ಕೆಳಗಿನ ಮನೆಯವರು ಬಾಗಿಲು ತೆರೆದು ಯಾರು ಬಂದರು, ಯಾರು ಹೋದರು ಎಂದು ವಿಚಾರಿಸತೊಡಗಿದರು. ಮನೆಯ ಗುಟ್ಟು ಮೆಟ್ಟಿಲಲ್ಲಿ ಹರಡುತ್ತಿದೆ ಎಂದು ಭಾವನಿಗೆ ದಿಗಿಲಾಯಿತು.

ಆಗ ಮಾಡಿಕೊಂಡದ್ದೇ ಮಿಸ್ಡ್ ಕಾಲ್ ಏರ್ಪಾಡು. ಗಲ್ಫಿನಲ್ಲಿ ಮಿಸ್ಡ್ ಕಾಲ್ ಎಂದರೆ ಒಂದು ಪೂರ್ತಿ ಭಾಷೆ ಎನ್ನುವುದು ಇಲ್ಲಿ ಬದುಕಿದವರಿಗೆಲ್ಲ ಗೊತ್ತು. ಕೆಳಗೆ ಬಂದಿದ್ದೇನೆ, ಅನ್ನಕ್ಕಿಡು, ಊರಿಗೆ ತಲುಪಿದೆ, ಎಲ್ಲವೂ ಅದರಲ್ಲೇ. ನಮ್ಮದು ಇನ್ನೂ ಸರಳ. ಒಂದು ರಿಂಗು ಎಂದರೆ ಚಿತ್ರ ಸರಿಯಾಗಿದೆ, ಅಲ್ಲೇ ಬಿಡಿ, ಮುಟ್ಟಬೇಡಿ. ಎರಡು ರಿಂಗು ಎಂದರೆ ಸರಿಯಿಲ್ಲ, ಇನ್ನೂ ತಿರುಗಿಸಿ. ಫೋನ್ ಎತ್ತುವ ಹಾಗಿಲ್ಲ. ಹಾಸಿಗೆಯಿಂದ ಅಕ್ಕ ತೀರ್ಪು ಕೊಡುವುದು, ನಾನು ಬೆರಳು ಒತ್ತುವುದು.

ಮೊದಲ ಶುಕ್ರವಾರವೇ ಚಿತ್ರ ಎಷ್ಟು ಸ್ಪಷ್ಟವಾಗಿ ಬಂತೆಂದರೆ ನಾಯಕಿಯ ಮೂಗುಬೊಟ್ಟು ಕಾಣಿಸಿತು. ಅಕ್ಕ "ಸಾಕು, ಸಾಕು" ಎಂದಳು. ನಾನು ಫೋನ್ ಮಾಡಿದೆ. ಎಂಗೇಜ್! ಮತ್ತೆ ಮಾಡಿದೆ, ಮತ್ತೆ ಎಂಗೇಜ್. ಅಷ್ಟರಲ್ಲಿ ಮೂಗುಬೊಟ್ಟು ಹೋಯಿತು, ಆಮೇಲೆ ಮೂಗು, ಆಮೇಲೆ ನಾಯಕಿ. ಯಾವುದೋ ದೇಶದ ಸುದ್ದಿ ಓದುವವನೊಬ್ಬ ತಲೆಕೆಳಗಾಗಿ ಅಲುಗಿದ ಹಾಗೆ ಕಂಡು ಅವನೂ ಮರಳಲ್ಲಿ ಮುಳುಗಿದ.

ಆದದ್ದಿಷ್ಟು. ಅದೇ ಹೊತ್ತಿಗೆ ಗೋದಾಮಿನ ಮ್ಯಾನೇಜರನಿಗೆ ಯಾವುದೋ ಬೀಗದ ಕೀಲಿಕೈ ಸಿಗದೆ, ಭಾವನಿಗೆ ಫೋನ್ ಮಾಡಿದ್ದಾನೆ. ಉರಿಬಿಸಿಲಿಗೆ ಫೋನಿನ ಪರದೆ ಕಾಣಿಸುತ್ತಿಲ್ಲ. ಭಾವ ಎರಡು ರಿಂಗು ಎಣಿಸಿ, ಕಟ್ ಮಾಡಿ, ಆಂಟೆನಾ ತಿರುಗಿಸಿದ್ದಾರೆ. ಮ್ಯಾನೇಜರ್ ಪಾಪ ಬಿಡದೆ ಮಾಡಿದ್ದಾನೆ. ಇವರು ಬಿಡದೆ ತಿರುಗಿಸಿದ್ದಾರೆ. ಕೆಳಗಿಳಿದು ಬಂದಾಗ ಅಂಗಿ ಹಿಂಡಿದರೆ ಬಕೆಟ್ ತುಂಬುವಷ್ಟು ಬೆವರು.

"ಮ್ಯಾನೇಜರ್ ಫೋನ್ ಮಾಡಿದ್ದು ಭಾವ. ನಾನಲ್ಲ" ಎಂದೆ, ನಗು ತಡೆದುಕೊಂಡು.

ಭಾವ ಫೋನ್ ನೋಡಿದರು. "ಸರಿಯಾಗಿ ನಾನು ಮೇಲಿರುವಾಗಲೇ ಅವ ಯಾಕೆ ಫೋನ್ ಮಾಡಿದ?" ಎಂದು ಕೇಳಿದರು. ಆಮೇಲೆ ಮೆಲ್ಲನೆ ಸೇರಿಸಿದರು: "ಅವನ ಮನೆಯಲ್ಲಿ ಡಿಶ್ ಉಂಟು."

ಇಷ್ಟಾದರೂ ಆ ಸಂಜೆ ಮತ್ತೆ ಹತ್ತಿ ತಿರುಗಿಸಿ, ಸಮುದ್ರದ ಕಡೆಗೆ ಸರಿಯಾಗಿ ನಿಲ್ಲಿಸಿ, ಕಂಬದ ಬುಡಕ್ಕೆ ತಂತಿ ಬಿಗಿದು ಬಂದರು. ಚಿತ್ರ ಬಂತು. ಅಕ್ಕ ಧಾರಾವಾಹಿ ನೋಡಿದಳು. ಮರುದಿನ ಕೆಲಸದಿಂದ ಬಂದವರು ತಾರಸಿಗೆ ಹೋಗಿ ನೋಡುತ್ತಾರೆ: ತಂತಿ ಬಿಚ್ಚಿದೆ, ಆಂಟೆನಾ ಸಮುದ್ರಕ್ಕೆ ಬೆನ್ನು ಹಾಕಿ ಮನಾಮಾ ಊರೊಳಗಿನ ಕಡೆಗೆ ತಿರುಗಿ ನಿಂತಿದೆ! ಇವರು ಮತ್ತೆ ತಿರುಗಿಸಿ ಬಿಗಿದರು. ಅದರ ಮರುದಿನ ಪುನಃ ಊರ ಕಡೆಗೆ. ಇಷ್ಟು ವರ್ಷ ಎಲ್ಲರ ಮೇಲೂ ಸಂಶಯಪಟ್ಟದ್ದಕ್ಕೆ ಕೊನೆಗೂ ಒಂದು ನಿಜವಾದ ಕಳ್ಳ ಸಿಕ್ಕಿದನಲ್ಲ ಎಂಬ ಕಳೆ ಭಾವನ ಮುಖದಲ್ಲಿ ಬಂತು. ಸುಳ್ಳೇಕೆ ಹೇಳಲಿ, ಅವರನ್ನು ಅಷ್ಟು ಖುಷಿಯಲ್ಲಿ ನಾನು ನೋಡಿರಲಿಲ್ಲ.

ಮೊದಲ ಆರೋಪಿ ಎರಡನೆಯ ಮಹಡಿಯ ಮಲೆಯಾಳಿ. ಅವನ ಅಪರಾಧ, ಅವನು ಡಿಶ್ ಜೋಡಿಸುವವನಾಗಿದ್ದುದು. "ನಮ್ಮ ಆಂಟೆನಾ ಹಾಳಾದ್ರೆ ಲಾಭ ಯಾರಿಗೆ?" ಎಂದು ಭಾವ ಲಿಫ್ಟಿನಲ್ಲಿ ಅವನ ಎದುರೇ ನನ್ನನ್ನು ಕನ್ನಡದಲ್ಲಿ ಕೇಳಿದರು. ಅವನು ಮುಗುಳ್ನಕ್ಕು, "ಸುಖಮಲ್ಲೇ ಚೇಟ್ಟಾ?" ಎಂದು ಮಲೆಯಾಳದಲ್ಲಿ ಕ್ಷೇಮ ವಿಚಾರಿಸಿದ. ಮನೆಗೆ ಬಂದ ಮೇಲೆ ಭಾವ ಆ ನಗುವನ್ನು ಅರ್ಧ ಗಂಟೆ ಬಿಡಿಸಿ ನೋಡಿದರು. ಆದರೆ ಅವನು ಆ ವಾರವೇ ರಜೆಯಲ್ಲಿ ಊರಿಗೆ ಹೋದ. ಆಂಟೆನಾ ಮಾತ್ರ ದಿನವೂ ತಿರುಗುತ್ತಿತ್ತು. ಒಳ್ಳೆಯ ಆರೋಪಿಯೊಬ್ಬ ಕೈತಪ್ಪಿ ಹೋದನೆಂದು ಭಾವ ಎರಡು ದಿನ ಸಪ್ಪಗಿದ್ದರು.

ಆಮೇಲೆ ಅವರಿಗೆ ಹೆಜ್ಜೆಗುರುತಿನ ಉಪಾಯ ಹೊಳೆಯಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅಡುಗೆಮನೆಯಿಂದ ಅಕ್ಕಿಹಿಟ್ಟಿನ ಡಬ್ಬಿ ಎತ್ತಿಕೊಂಡು ಹೋಗಿ, ಆಂಟೆನಾ ಕಂಬದ ಸುತ್ತ ತೆಳ್ಳಗೆ ಹರಡಿದರು. ಮೆಟ್ಟಿದರೆ ಗುರುತು ಬಿದ್ದೇ ಬೀಳಬೇಕು. ಸಂಜೆ ನಾನೂ ಕುತೂಹಲದಿಂದ ಹಿಂದೆಯೇ ಹೋದೆ. ಆಂಟೆನಾ ತಿರುಗಿತ್ತು. ಹಿಟ್ಟೇ ಇರಲಿಲ್ಲ. ಅಂಚಿನಲ್ಲಿ ಉಳಿದ ಚೂರುಪಾರಿನ ಮೇಲೆ ಮೂರು ಬೆರಳಿನ ಸಣ್ಣ ಸಣ್ಣ ಪಾದಗಳು.

"ಪಾರಿವಾಳ" ಎಂದೆ.

"ಪಾರಿವಾಳಕ್ಕೆ ತಂತಿ ಬಿಚ್ಚಲಿಕ್ಕೆ ಬರ್ತದಾ?" ಎಂದರು ಭಾವ. "ಪಾರಿವಾಳ ಯಾರದ್ದು ಅಂತ ಹೇಳು."

ಪಾರಿವಾಳ ಹಾಜಿಯವರದು. ಹಾಜಿ ಎಂದರೆ ನಮ್ಮ ಕಟ್ಟಡದ ಯಜಮಾನರು, ಬಹರೈನಿನವರೇ, ಎಪ್ಪತ್ತು ದಾಟಿದ ಮುದುಕರು. ಕೆಳಗಿನ ಮಹಡಿಯಲ್ಲಿ ಹೆಂಡತಿಯೊಂದಿಗೆ ಇದ್ದರು. ತಾರಸಿಯ ಒಂದು ಮೂಲೆಯಲ್ಲಿ ಅವರದೊಂದು ಪಾರಿವಾಳದ ಗೂಡು. ಬಾಡಿಗೆ ಏರಿಸದ ಯಜಮಾನ ಎಂದು ಎಲ್ಲರೂ ಅವರನ್ನು ಹೊಗಳುತ್ತಿದ್ದರು. ಭಾವ ಅದೇ ಕಾರಣಕ್ಕೆ ಅವರ ಮೇಲೆ ಒಂದು ಕಣ್ಣಿಟ್ಟಿದ್ದರು.

ಮುಂದಿನ ಶುಕ್ರವಾರ ವಿಚಾರಣೆಗೆ ಹೊರಟೆವು. ನಾನು ಯಾಕೆ ಎಂದರೆ, ದುಭಾಷಿಯಾಗಿ. "ಹಿಂದಿಯಲ್ಲಿ ಕೇಳಿದ್ರೆ ಗೊತ್ತಾಗ್ಲಿಲ್ಲ ಅಂತ ತಪ್ಪಿಸ್ಕೊಳ್ತಾನೆ. ನೀನು ಅರಬ್ಬಿಯಲ್ಲಿ ಕೇಳು" ಎಂದಿದ್ದರು ಭಾವ. ನನಗೆ ಬರುತ್ತಿದ್ದದ್ದು ಕ್ಲಿನಿಕ್ಕಿನ ಅರಬ್ಬಿ. ಎಲ್ಲಿ ನೋವು, ಎಷ್ಟು ದಿನದಿಂದ, ಉಸಿರು ಎಳೆದುಕೊಳ್ಳಿ, ಹೆದರಬೇಡಿ. ಇಷ್ಟರಲ್ಲಿ ಒಬ್ಬ ಯಜಮಾನನನ್ನು ಆಂಟೆನಾ ವಿಷಯದಲ್ಲಿ ಪಾಟೀಸವಾಲು ಮಾಡುವುದು ಹೇಗೆ?

ಹಾಜಿ ನಮ್ಮನ್ನು ಕೂರಿಸಿ, ಖರ್ಜೂರ ಮುಂದಿಟ್ಟು, ಸಣ್ಣ ಬಟ್ಟಲಿನಲ್ಲಿ ಗಾವಾ ಎಂಬ ಅರಬ್ಬಿ ಕಾಫಿ ಸುರಿದರು. ಭಾವ ಖರ್ಜೂರವನ್ನು ಬಿಡಿಸಿ ಒಳಗೆ ನೋಡಿ, ಹಾಜಿ ಒಂದು ತಿಂದ ಮೇಲೆ ತಾವೊಂದು ತಿಂದರು. ನನಗೆ ಮೊಣಕೈಯಿಂದ ತಿವಿದರು. ನಾನು ಧೈರ್ಯ ಮಾಡಿ, ಮೇಲಕ್ಕೆ ಬೆರಳು ತೋರಿಸಿ, ಅರಬ್ಬಿಯಲ್ಲಿ ಕೇಳಿದೆ: "ಹಾಜಿ, ಎಲ್ಲಿ ನೋವು? ಎಷ್ಟು ದಿನದಿಂದ?"

ಹಾಜಿ ಗಾಬರಿಯಾಗಿ ನನ್ನನ್ನು ನೋಡಿದರು. ಆಮೇಲೆ ಒಳ್ಳೆಯ ಮುಂಬಯಿ ಹಿಂದಿಯಲ್ಲಿ, "ಬೇಟಿ, ಹಿಂದಿ ಮೇ ಬೋಲೋ ನಾ" ಎಂದರು. ಪ್ರಾಯದಲ್ಲಿ ಅವರು ವ್ಯಾಪಾರಕ್ಕೆಂದು ಮುಂಬಯಿಯಲ್ಲಿ ಬಹಳ ಕಾಲ ಇದ್ದವರಂತೆ.

ಮತ್ತೆ ಎಲ್ಲ ಸುಲಭವಾಯಿತು. ಭಾವ ಸುತ್ತಿ ಬಳಸಿ ಆಂಟೆನಾದ ಮಾತು ತೆಗೆದರು. ಆಚೆ ದಡದ ಚಾನೆಲ್ ಸೆಕೆ ಹೆಚ್ಚಾಗಿ ಗಾಳಿ ನಿಂತಾಗ ಮಾತ್ರ ಬರುತ್ತದೆ, ಉತ್ತರದ ಒಣಗಾಳಿ ಬೀಸಿದರೆ ಹೋಗುತ್ತದೆ, ಮೊದಲಿನಿಂದಲೂ ಹೀಗೆಯೇ, ಇದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಎಂದರು ಹಾಜಿ. ಕಿಟಕಿಯ ಗಾಜು ಹೊರಗಿನಿಂದ ಬೆವರಿದರೆ ಸಮುದ್ರದ ಕಡೆ ತಿರುಗಿಸು, ಒಣಗಿದ್ದರೆ ಊರ ಕಡೆ ತಿರುಗಿಸು, ಇಲ್ಲಿನ ಚಾನೆಲ್ ಸಿಗುತ್ತದೆ, ಅಷ್ಟೇ ಎಂದು ನಕ್ಕರು. ಹೊರಡುವಾಗ ಭಾವನ ಎರಡೂ ಕೈ ಹಿಡಿದು, "ನನ್ನ ಹಕ್ಕಿಗಳಿಗೆ ಬೆಳಿಗ್ಗೆ ಹಿಟ್ಟು ಹಾಕುವುದು ನೀವೇ ಎಂದು ಗೊತ್ತು. ದೇವರು ನಿಮಗೆ ಒಳ್ಳೆಯದು ಮಾಡಲಿ" ಎಂದರು.

ಭಾವ ಮೆಟ್ಟಿಲು ಅರ್ಧ ಹತ್ತಿದ ಮೇಲೆ ನಿಂತರು.

"ಅಂದ್ರೆ ನಾನು ಹಿಟ್ಟು ಹಾಕುದನ್ನು ಅವ ನೋಡ್ತಾ ಇದ್ದ."

"ಭಾವ, ಅವರು ಆಶೀರ್ವಾದ ಮಾಡಿದ್ದು."

"ಅದೇ. ಸುಮ್ಮನೆ ಯಾರಾದ್ರೂ ಆಶೀರ್ವಾದ ಮಾಡ್ತಾರಾ?"

ಈಗ ನಿಮಗೂ ಹಾಜಿಯ ಮೇಲೆ ಸ್ವಲ್ಪ ಸಂಶಯ ಬಂದಿರಬೇಕು. ನನಗಂತೂ ಬಂದಿತ್ತು. ಇವರೊಂದಿಗೆ ಒಂದೇ ಮನೆಯಲ್ಲಿ ಉಂಡರೆ ಬಾರದೆ ಇರುತ್ತದೆಯೇ? ಹಾಗಾಗಿ ಒಂದು ದಿನ ಡ್ಯೂಟಿ ಬೇಗ ಮುಗಿದು ಮಧ್ಯಾಹ್ನವೇ ಮನೆಗೆ ಬಂದಾಗ, ತಾರಸಿಯಲ್ಲಿ ಯಾರೋ ನಡೆದ ಸದ್ದು ಕೇಳಿ, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ಬಾಗಿಲ ಸಂದಿಯಿಂದ ಇಣುಕಿದೆ.

ಹಾಜಿ ಉದ್ದ ಬಿಳಿ ಅಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನಮ್ಮ ಆಂಟೆನಾ ತಿರುಗಿಸುತ್ತಿದ್ದರು!

ನಾನು ಒಂದೇ ಓಟಕ್ಕೆ ಕೆಳಗೆ ಬಂದು ಮನೆಯ ಬಾಗಿಲು ತೆರೆದೆ. ಅಕ್ಕ ದಿಂಬಿಗೆ ಒರಗಿ ಮಲಗಿದ್ದಳು. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಹಾಜಿಯ ಹೆಂಡತಿ, ಮಡಿಲಲ್ಲಿ ಮುಚ್ಚಿದ ಪಾತ್ರೆ. ಟಿವಿಯಲ್ಲಿ ಬಹರೈನಿನದೇ ಚಾನೆಲ್, ಯಾರೋ ಅಡುಗೆ ಮಾಡಿ ತೋರಿಸುತ್ತಿದ್ದರು. ಚಿತ್ರ ಲಕಲಕ ಹೊಳೆಯುತ್ತಿತ್ತು. ಹಾಜಿಯ ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೇಲಕ್ಕೆ ಏನೋ ಕೂಗಿದರು. ಅದು ಅವರ ಒಂದು ರಿಂಗು.

ಅವರು ಹೋದ ಮೇಲೆ ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. "ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂತ" ಎಂದಳು ಅಕ್ಕ. ಒಣಗಾಳಿ ಬೀಸುವ ಹಗಲಲ್ಲಿ ಆಚೆಯ ಚಾನೆಲ್ ಬರುವುದಿಲ್ಲ, ಬರೀ ಮರಳು. ಮಧ್ಯಾಹ್ನ ಊಟ ತಂದುಕೊಡುತ್ತಿದ್ದ ಹಾಜಿಯ ಹೆಂಡತಿ ಅದನ್ನು ನೋಡಿ ಗಂಡನಿಗೆ ಹೇಳಿದ್ದಾರೆ. ಹಾಜಿ ಪಾರಿವಾಳಕ್ಕೆ ಕಾಳು ಹಾಕಲು ಹೋದಾಗ ಆಂಟೆನಾವನ್ನು ಊರ ಕಡೆ ತಿರುಗಿಸುತ್ತಾರೆ. ಸಂಜೆ ಭಾವ ಹೋಗಿ, ಕಳ್ಳನಿಗೆ ಬೈಯುತ್ತ, ಸಮುದ್ರದ ಕಡೆ ತಿರುಗಿಸುತ್ತಾರೆ. ಆ ಹೊತ್ತಿಗೆ ಗಾಳಿ ಬಿದ್ದು ಆಚೆಯ ಚಾನೆಲ್ ಬರುತ್ತದೆ. ಇಬ್ಬರ ನಡುವೆ ಅಕ್ಕನಿಗೆ ಮಧ್ಯಾಹ್ನವೂ ಸಂಜೆಯೂ ಚಿತ್ರ ತಪ್ಪುತ್ತಿರಲಿಲ್ಲ.

"ಭಾವನಿಗೆ ಹೇಳ್ಬಾರ್ದಾ? ಆ ಮುದುಕರನ್ನು ಕಳ್ಳ ಅಂತ ತಿಳ್ಕೊಂಡಿದ್ದಾರಲ್ಲ."

ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು.

"ನಿಂಗೆ ಗೊತ್ತಿಲ್ಲ ಮಾರಾಯ್ತಿ. ಹೋದ ಸಲ ಆದ್ಮೇಲೆ ಇವರು ಯಾರನ್ನೂ ಬಿಡ್ಲಿಲ್ಲ. ಡಾಕ್ಟ್ರು, ಮಾತ್ರೆ, ನೀರು, ಕೊನೆಗೆ ಒಬ್ರೇ ಕೂತು ತನ್ನನ್ನೇ. ಆ ದಿನ ಲಿಫ್ಟ್ ಹಾಳಾಗಿತ್ತು, ನಾನೇ ನಿನ್ನನ್ನು ಮೆಟ್ಟಿಲು ಹತ್ತಿಸಿದ್ದು ಅಂತ. ಈ ಸಲ ನೋಡು, ಬಂದವರೇ ಮೇಲೆ ಹೋಗಿ ಕಳ್ಳನನ್ನು ಹುಡುಕ್ತಾರೆ. ಬೆವರು ಸುರಿಸ್ಕೊಂಡು ಬಂದು ಉಂಡು ಮಲಗ್ತಾರೆ. ನನ್ನ ಹೊಟ್ಟೆ ನೋಡಿ ಹೆದರ್ಲಿಕ್ಕೆ ಪುರುಸೊತ್ತಿಲ್ಲ. ಹುಡುಕ್ಲಿ ಬಿಡು."

ಆ ಸಂಜೆ ಭಾವ ತಾರಸಿಯಿಂದ ಇಳಿದು ಬಂದು, "ಇವತ್ತೂ ತಿರುಗಿಸಿದ್ದಾನೆ" ಎಂದಾಗ, ನಾನು "ಹೌದಾ ಭಾವ? ಯಾರಿರ್ಬಹುದು?" ಎಂದು ಅವರಿಗಿಂತ ಜೋರಾಗಿ ಸಂಶಯಪಟ್ಟೆ. ಅವರು ನನ್ನನ್ನು ಮೊದಲ ಸಲ ಮೆಚ್ಚಿಗೆಯಿಂದ ನೋಡಿದರು.

ಸೆಕೆ ಇಳಿಯುವ ಮೊದಲೇ ಅಕ್ಕನಿಗೆ ನೋವು ಬಂತು. ಹೇಳಿದ ದಿನಕ್ಕಿಂತ ಮುಂಚೆಯೇ ಬಂತು. ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನೊಳಗೆ ಗಂಡಸರನ್ನು ಬಿಡುವುದಿಲ್ಲ. ಭಾವ ಹೊರಗೆ ನಿಂತು ಬಾಗಿಲಲ್ಲಿ ಹೋಗಿಬರುವ ಪ್ರತಿಯೊಬ್ಬರ ಎದೆಯ ಮೇಲಿನ ಹೆಸರಿನ ಪಟ್ಟಿ ಓದತೊಡಗಿದರು. ಡಾಕ್ಟರರ ಮುಖ ನೋಡಿ, "ಅವರು ಎಂತದೋ ಮುಚ್ಚಿಡ್ತಿದ್ದಾರೆ" ಎಂದರು. ಅಲ್ಲಿನ ಸಿಸ್ಟರು ಬೇಸತ್ತು, ಮನೆಯಿಂದ ಅಕ್ಕನ ಬಟ್ಟೆ ತನ್ನಿ ಎಂದು ಅವರನ್ನು ಸಾಗಹಾಕಿದರು. ಬಟ್ಟೆ ನನ್ನ ಚೀಲದಲ್ಲೇ ಇತ್ತು. ನಾನ್ಯಾಕೆ ಬಾಯಿ ಬಿಡಲಿ? ಹೋಗುವಾಗ ಭಾವ ಹಿಂದೆ ತಿರುಗಿ, "ನೀನು ಒಳಗೆ ಇರು. ಕಣ್ಣು ತಪ್ಪಿಸ್ಬೇಡ" ಎಂದರು. ಹಾಗೆ ಅವರು ಒಬ್ಬರ ಮೇಲೆ ಭಾರ ಹಾಕಿದ್ದು ನಾನು ಕಂಡದ್ದು ಅದೇ ಮೊದಲು.

ಬಹಳ ಹೊತ್ತು ಹಿಡಿಯಿತು. ಆ ಹೊತ್ತಿನ ವಿಷಯ ನಾನು ಬರೆಯುವುದಿಲ್ಲ. ನರ್ಸ್ ಆಗಿ ಅದೆಷ್ಟೋ ನೋಡಿದವಳು, ಆ ದಿನ ಅಕ್ಕನ ಕೈ ಹಿಡಿದುಕೊಂಡು ನನಗೆ ಬರುವ ಅಷ್ಟೂ ಅರಬ್ಬಿಯನ್ನು ನನಗೇ ಹೇಳಿಕೊಂಡೆ. ಉಸಿರು ಎಳೆದುಕೋ, ಹೆದರಬೇಡ. ಕೊನೆಗೆ ಅಳು ಕೇಳಿಸಿತು. ಮೊದಲು ಮಗುವಿನದು, ಆಮೇಲೆ ಅಕ್ಕನದು. ಹೆಣ್ಣು. ಡಾಕ್ಟರು ನನ್ನತ್ತ ನೋಡಿ ಹೆಬ್ಬೆರಳು ಎತ್ತಿದರು.

ಹೊರಗೆ ಬಂದು ಭಾವನಿಗೆ ಫೋನ್ ಮಾಡಿದೆ. ಒಂದು ರಿಂಗು ಆಗುತ್ತಿದ್ದಂತೆ ಇನ್ನು ಮಾತಾಡಲು ನನ್ನಿಂದಾಗದು ಎಂದು ಗೊತ್ತಾಯಿತು. ಕಟ್ ಮಾಡಿದೆ. ಗೋಡೆಗೆ ಒರಗಿ ಅಳುತ್ತ ನಿಂತಿರುವಾಗ ಫೋನ್ ಬಂತು.

"ಈಗ ರಿಂಗು ಕೊಟ್ಟದ್ದು ನೀನೇನಾ?"

"ನಾನೇ ಭಾವ."

"ಒಂದೇನಾ? ಎರಡನೆಯದು ಬರುವ ಮೊದಲು ಕಟ್ಟಾದದ್ದಲ್ಲ ಅಲ್ವಾ?"

"ಒಂದೇ."

"ಇಬ್ಬರೂ?"

"ಇಬ್ಬರೂ. ಹೆಣ್ಣು ಮಗು."

ಆ ಕಡೆಯಿಂದ ಗಾಳಿಯ ಸದ್ದು, ಪಾರಿವಾಳಗಳ ಸದ್ದು. ಆಮೇಲೆ ಯಾರೋ ಮುದುಕರು ಹಿಂದಿಯಲ್ಲಿ ಏನಾಯಿತು, ಏನಾಯಿತು ಎಂದು ಕೇಳುತ್ತಿದ್ದರು.

"ನೀವು ಎಲ್ಲಿದ್ದೀರಿ ಭಾವ?"

"ತಾರಸಿಯಲ್ಲಿ. ಮನೆಯೊಳಗೆ ಕೂತ್ಕೊಳ್ಳಿಕ್ಕೆ ಆಗ್ಲಿಲ್ಲ. ಅವಳು ಬಂದ್ಮೇಲೆ ಚಿತ್ರ ಸರಿಯಿರ್ಲಿ ಅಂತ ಬಂದೆ." ಮೂಗು ಏರಿಸಿದ ಸದ್ದು ಕೇಳಿತು. "ಕಳ್ಳ ಸಿಕ್ಕಿದ ಮಾರಾಯ್ತಿ. ಹಾಜಿ. ನಾನು ಹತ್ತಿ ಬರುವಾಗ ತಿರುಗಿಸ್ತಾ ಇದ್ರು. ಎಲ್ಲ ಹೇಳಿದ್ರು. ಈಗ ಇಲ್ಲೇ ಇದ್ದಾರೆ. ನಂಗೆ ನೀರು ಕುಡಿಸ್ತಾ ಇದ್ದಾರೆ."

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ಕೇಳಿದೆ, "ಬನ್ನಿ ಭಾವ, ಮಗು ನೋಡಿ. ನಿಮ್ಮದೇ ಹೌದಾ ಅಂತ ಪರೀಕ್ಷೆ ಮಾಡ್ಬೇಡ್ವಾ? ಡಾಕ್ಟ್ರನ್ನು ಎಂತದಾದ್ರೂ ಕೇಳ್ಬೇಕಾ?"

ಯಾವುದನ್ನೂ ಒಂದು ಸಲಕ್ಕೆ ಒಪ್ಪದ, ಸರಿಯಿದ್ದ ಚಿತ್ರವನ್ನೂ ಇನ್ನೊಂದಿಷ್ಟು ತಿರುಗಿಸಿ ನೋಡದೆ ಬಿಡದ ನಮ್ಮ ಭಾವ ನೀರು ಗುಟುಕರಿಸಿದ್ದು ಕೇಳಿಸಿತು.

"ಬೇಡ" ಎಂದರು. "ಒಂದು ರಿಂಗು ಅಂದಿದ್ದೀಯಲ್ಲ. ನಾನು ಇನ್ನು ಮುಟ್ಟುದಿಲ್ಲ."